ಟುಂಗ್ರೊ ರೋಗದ ನಾಮಚರಿತ್ರೆ

ವಸ್ತುವು ಒಂದಾಗಿದ್ದು ಹೆಸರುಗಳು ಹಲವಾದಲ್ಲಿ ಆ ವಸ್ತುವಿನ ಜ್ಞಾನವೂ ಹರಿದು ಹಂಚಿಹೋಗುವುದುಂಟು. ಆಗ್ನೇಯ ಏಷ್ಯಾಖಂಡದ ನೆಲ್ಲಿಗೆ ತಗಲುವ ಟುಂಗ್ರೊ ರೋಗದ ಚರಿತ್ರೆ ಇದಕ್ಕೆ ನಿದರ್ಶನವಾಗಿದೆ. ಜಾವಾದ್ವೀಪದವರು ಇದನ್ನು ಮೆಂಟೆಕ್ ಎಂದರು. ಮಲಯದವರು ಪೆನ್ಯಾಕಿಟ್ ಮೇರಾ, ಎಂದರೆ ಕೆಂಪುರೋಗ, ಎಂದರು. ಟುಂಗ್ರೊ ಎಂಬುದು ಫಿಲಿಪೀನ್ಸಿನ ಇಲೊಕಾನೊ ಭಾಷೆಯ ಮಾತು. ಕುಗ್ಗಿದ ಬೆಳವಣಿಗೆಯೆಂಬುದು ಅದರ ಅರ್ಥ. ಇವುಗಳಲ್ಲಿ ಒಂದು ಹೆಸರು ಬಣ್ಣವನ್ನೂ ಒಂದು ಗಾತ್ರವನ್ನೂ ಹೇಳುತ್ತದೆಯೇ ಹೊರತು ಕಾರಣವನ್ನು ಯಾವುದೂ ಹೇಳುವುದಿಲ್ಲ.

ಮೆಂಟೆಕ್ ಎಂಬ ಹೆಸರು 1859ರಷ್ಟು ಹಿಂದೆಯೇ ದಾಖಲೆಯಲ್ಲಿ ಕಾಣಬರುತ್ತದೆ. ಅಂದಿನಿಂದ ಸುಮಾರು ನೂರು ವರ್ಷಗಳವರೆಗೆ ಪಂಡಿತರು ಬೇರನ್ನೇ ನೋಡಿದರು. ಮಣ್ಣಿನ ದೋಷವೆಂದು ಕೆಲವರು, ಬೇರನ್ನು ಕೊರೆಯುವ ಸೂಕ್ಷ್ಮಕ್ರಿಮಿಯೆಂದು ಕೆಲವರು ವಾದಿಸಿದರು. ಆ ಒಂದು ಹೆಸರಿನಲ್ಲಿ ಬೇರೆ ಬಾಧೆಗಳೂ ಸೇರಿದ್ದಿರಬಹುದು. ವಿಚಿತ್ರವೇನೆಂದರೆ, ನಿದಾನವು ತಪ್ಪಿದ್ದರೂ ಚಿಕಿತ್ಸೆ ಪೂರ್ಣವಾಗಿ ತಪ್ಪಲಿಲ್ಲ. ಭಾರತದಿಂದ ಹೋದ ಲತಿಸೈಲ್ ಎಂಬ ನೆಲ್ಲನ್ನು ಜಾವಾದಲ್ಲಿ ಚೀನಾ ಎಂಬ ತಳಿಯೊಡನೆ ಸಂಕರಗೊಳಿಸಿ ಪೇಟಾ ಮೊದಲಾದ ತಳಿಗಳನ್ನು ಪಡೆದರು. ಅವು ಮೆಂಟೆಕ್ ರೋಗವನ್ನು ತಡೆದುಕೊಂಡವು. ಕಾರಣವನ್ನರಿಯದ ಅನುಭವವು ಅರಿತ ಶಾಸ್ತ್ರಕ್ಕಿಂತ ಮುಂದೆ ನಡೆದಿತ್ತು.

ಫಿಲಿಪೀನ್ಸಿನ ಲಾಸ್ ಬಾನ್ಯೋಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನ ಸಂಸ್ಥೆಯಲ್ಲಿ ರಿವೆರಾ ಮತ್ತು ಔ ಎಂಬವರು ನಡೆಸಿದ ಪರೀಕ್ಷೆಗಳು 1965ರಲ್ಲಿ ಪ್ರಕಟವಾದುವು. ರೋಗವನ್ನು ಗಿಡದಿಂದ ಗಿಡಕ್ಕೆ ಒಯ್ಯುವುದು ಹಸಿರು ಜಿಗಿಹುಳುವೆಂದು ಅದರಿಂದ ಸಿದ್ಧವಾಯಿತು. ನಮ್ಮ ಪೂರ್ವಿಕರು ಈತಿಬಾಧೆಗಳನ್ನು ಆರೆಂದು ಎಣಿಸಿ ಮಿಡತೆ, ಇಲಿ, ಗಿಳಿಗಳನ್ನು ಹೆಸರಿಸಿದ್ದಾರೆ. ತಿಂದು ಹಾಳುಮಾಡದೆ ರೋಗವನ್ನು ಹೊತ್ತು ಹಾಳುಮಾಡುವ ಈ ಅಲ್ಪಕೀಟಕ್ಕೆ ಆ ಪಟ್ಟಿಯಲ್ಲಿ ಸ್ಥಾನವಿಲ್ಲ.

ಜಪಾನಿನ ನೆಲ್ಲಿನ ಕುಬ್ಜರೋಗದಲ್ಲಿ ವೈರಸ್ಸು ತಾಯಿಹುಳುವಿನ ಮೊಟ್ಟೆಯ ಮೂಲಕ ಸಂತತಿಗೆ ಇಳಿಯುವುದೆಂದು ಫುಕುಶಿ 1933ರಲ್ಲಿ ತೋರಿಸಿದ್ದರು. ಟುಂಗ್ರೊವಿನಲ್ಲಿ ಹಾಗಲ್ಲ. ಹುಳುವು ಕೆಲವೇ ದಿನಗಳಲ್ಲಿ ವಿಷವನ್ನು ಕಳೆದುಕೊಳ್ಳುತ್ತದೆ. ಪೊರೆ ಬಿಟ್ಟರೆ ಕೂಡಲೇ ಕಳೆದುಕೊಳ್ಳುತ್ತದೆ. ಆದಕಾರಣ ರೋಗದ ನಿಧಿಯು ಹುಳುವಲ್ಲ, ಗದ್ದೆಯಲ್ಲಿ ಉಳಿದ ರೋಗಿಷ್ಠ ಗಿಡ ಮತ್ತು ಕೂಳೆ. 1978ರಲ್ಲಿ ಹಿಬಿನೊ ಮೊದಲಾದವರು ರೋಗಿಷ್ಠ ಗಿಡದಲ್ಲಿ ಎರಡು ವೈರಸ್ಸುಗಳನ್ನು ಕಂಡರು: ಒಂದು ಗೋಲಾಕಾರ, ಒಂದು ದಂಡಾಕಾರ. ಬಣ್ಣಗೆಡಿಸಿ ಕುಗ್ಗಿಸುವುದು ಮುಖ್ಯವಾಗಿ ದಂಡಾಕಾರದ್ದು. ಆದರೆ ಗೋಲಾಕಾರದ್ದರ ನೆರವಿಲ್ಲದೆ ಹುಳುವು ಅದನ್ನು ಒಯ್ಯಲಾರದು. ಗೋಲಾಕಾರದ್ದು ಒಂದೇ ಇದ್ದರೆ ಗಿಡದಲ್ಲಿ ಲಕ್ಷಣವೇ ಅಲ್ಪ. ನೋಟಕ್ಕೆ ಸ್ವಸ್ಥವಾದ ಗದ್ದೆಯೂ ನಿರಪಾಯವೆನ್ನಲಾಗದು.

ಎಲೆಯು ತುದಿಯಿಂದ ಹಳದಿಯಾಗಿ ಕಿತ್ತಳೆಬಣ್ಣಕ್ಕೆ ತಿರುಗುವುದು, ಗಿಡ ಗಿಡ್ಡಾಗುವುದು, ತೆಂಡೆ ಕಡಮೆಯಾಗುವುದು, ತೆನೆ ಪೂರ್ತಿ ಹೊರಬಾರದಿರುವುದು, ಇವು ಲಕ್ಷಣಗಳು. ಸಾರಜನಕದ ಕೊರತೆಯೆಂದು ಭ್ರಮಿಸಿ ಗೊಬ್ಬರ ಸುರಿಯುವ ರೈತನ ಹಣ ವ್ಯರ್ಥವಾಗುತ್ತದೆ. ಮುಂಜಾನೆ ಕಿತ್ತ ಎಲೆಯ ತುದಿಯು ಅಯೋಡಿನ್ ದ್ರವದಲ್ಲಿ ಕಪ್ಪಾದರೆ ಪಿಷ್ಟವು ಎಲೆಯಲ್ಲೇ ಕಟ್ಟಿಕೊಂಡಿದೆಯೆಂದು ತಿಳಿಯಬೇಕು. ಅದು ಟುಂಗ್ರೊವಿನ ಸಂದೇಹಕ್ಕೆ ಪುಷ್ಟಿ, ನಿರ್ಣಯವಲ್ಲ.

ತಗಲಿದ ಗಿಡಕ್ಕೆ ಔಷಧವಿಲ್ಲ. ಭಾರತದಲ್ಲಿ 1969ರಲ್ಲಿ ಉತ್ತರಪ್ರದೇಶದ ಪೂರ್ವಭಾಗ, ಬಿಹಾರ, ಪಶ್ಚಿಮಬಂಗಾಳಗಳು ಇದರಿಂದ ಬಹಳ ನಷ್ಟಪಟ್ಟುವು. ಇಂಡೊನೇಷ್ಯದ ದಕ್ಷಿಣ ಸುಲಾವೇಸಿಯಲ್ಲಿ 1970ರ ದಶಕದ ಹಾವಳಿಯ ತರುವಾಯ ಹುಳುವಿನ ಸಂಖ್ಯೆ ಇಳಿದಿರುವ ಕಾಲವನ್ನು ನೋಡಿ ಊರೆಲ್ಲವೂ ಒಟ್ಟಿಗೆ ನಾಟಿಮಾಡುವ, ತಳಿಗಳನ್ನು ಸರದಿಯಂತೆ ಬದಲಿಸುವ ಏರ್ಪಾಡಾಯಿತು. ಒಬ್ಬನು ತಡವಾಗಿ ನಟ್ಟರೆ ನೆರೆಯ ಗದ್ದೆಗಳ ಹುಳುಗಳೆಲ್ಲ ಅವನ ಎಳೆಯ ಪೈರಿಗೇ ಬಂದು ಕೂರುತ್ತವೆ.