ಬಿರಡೆಯ ಮರೆಯ ವಿಷ

ಸೀಸವು ಎಳೆಯ ಮಕ್ಕಳ ಮೆದುಳಿಗೆ ವಿಷ. ರಕ್ತದಲ್ಲಿ ಅದೆಷ್ಟಿದೆಯೆಂದು ಅಳೆಯಲು ಅಮೆರಿಕದಲ್ಲಿ ‘ಲೆಡ್‌ಕೇರ್’ ಎಂಬ ಉಪಕರಣಗಳು ಬಳಕೆಗೆ ಬಂದಿದ್ದುವು. 2017ರ ಮೇ ತಿಂಗಳಲ್ಲಿ ಅಲ್ಲಿನ ಔಷಧ ನಿಯಂತ್ರಕರು ಎಚ್ಚರಿಸಿದರು: ಬೆರಳು ಚುಚ್ಚಿ ತೆಗೆದ ರಕ್ತದ ಲೆಕ್ಕ ಸರಿ, ರಕ್ತನಾಳದಿಂದ ನಳಿಕೆಗೆ ಸೆಳೆದ ರಕ್ತದಲ್ಲಿ ಮಾತ್ರ ಸೀಸ ಇದ್ದುದಕ್ಕಿಂತ ಕಡಮೆ ಕಾಣುತ್ತಿದೆ. ಆ ಬಗೆಯ ಪರೀಕ್ಷೆಯನ್ನು ಹಿಂತೆಗೆದುಕೊಂಡರು. ಅನೇಕ ಮಕ್ಕಳಿಗೆ ಮರುಪರೀಕ್ಷೆ ಬೇಕಾಯಿತು.

ಕಾರಣವೇನು? ನಳಿಕೆಯ ರಬ್ಬರು ಬಿರಡೆಯಲ್ಲಿದ್ದ ಥೈಯುರಾಂ ಎಂಬ ರಾಸಾಯನಿಕವೇ ಇರಬೇಕೆಂದು 2018ರಲ್ಲಿ ನಿಯಂತ್ರಕರು ಕಂಡುಕೊಂಡರು. ಅದರಿಂದ ಹೊಮ್ಮಿದ ಅನಿಲವು ರಕ್ತದಲ್ಲಿ ಕರಗಿ, ಸೀಸವನ್ನು ಬಿಗಿಹಿಡಿದು, ಉಪಕರಣಕ್ಕೆ ಕಾಣದಂತೆ ಮಾಡುತ್ತಿತ್ತು.

ಬಿರಡೆಯ ದೋಷ ಅರಿಯದೆ ಆದದ್ದು. ಆದರೆ ಲೆಕ್ಕ ತಪ್ಪುವುದನ್ನು ಉಪಕರಣದ ತಯಾರಕರು 2013ರಲ್ಲಿಯೇ ಕಂಡಿದ್ದರು. ಮುಚ್ಚಿಟ್ಟುದಕ್ಕಾಗಿ 2024ರಲ್ಲಿ ತಪ್ಪೊಪ್ಪಿಕೊಂಡು 4 ಕೋಟಿ 20 ಲಕ್ಷ ಡಾಲರು ತೆರಲು ಸಮ್ಮತಿಸಿದರು. ಯಂತ್ರ ತಪ್ಪೀತು, ತಪ್ಪನ್ನು ಬಚ್ಚಿಟ್ಟರೆ ಮಗುವಿಗೆ ದಿಕ್ಕು ಯಾರು?