ಮಂತ್ರದ ನಾಡಿನಲ್ಲಿ ಹೊರಗಿನವರು

ಸುಸಾನಾ ಕ್ಲಾರ್ಕ್ ಅವರ ‘ಜೊನಾಥನ್ ಸ್ಟ್ರೇಂಜ್ ಅಂಡ್ ಮಿಸ್ಟರ್ ನೊರೆಲ್’ (2004) ಕಾದಂಬರಿಯಲ್ಲಿ ಬ್ರಿಟನ್, ನೆಪೋಲಿಯನ್ ವಿರುದ್ಧದ ಯುದ್ಧಕ್ಕೆ ಮಂತ್ರವಾದಿಗಳನ್ನೂ ಬಳಸಿಕೊಳ್ಳುತ್ತದೆ. ಸ್ಟ್ರೇಂಜ್ ವೆಲಿಂಗ್ಟನ್ನನ ಸೇನೆಗಾಗಿ ದಾರಿಗಳನ್ನೇ ಬದಲಿಸುತ್ತಾನೆ. ಮಂತ್ರವಿದ್ಯೆಯನ್ನು ಸಭ್ಯ ಇಂಗ್ಲಿಷ್ ವಿದ್ಯೆಯಾಗಿಸಲು ಹೊರಟ ನೊರೆಲ್, ಅದರ ಮೂಲಪುರುಷನಾದ ಕಾಗೆರಾಜನ ನೆನಪನ್ನೇ ಅಳಿಸಬಯಸುತ್ತಾನೆ. ಉತ್ತರ ಇಂಗ್ಲೆಂಡನ್ನು 300 ವರ್ಷ ಆಳಿದ ಆ ರಾಜ ಬೆಳೆದದ್ದು ಕಿನ್ನರಲೋಕದಲ್ಲಿ. ಕಲಿತದ್ದೂ ಅಲ್ಲಿನ ವಿದ್ಯೆಯನ್ನೇ.

ಕಥೆ ಆರಂಭವಾಗುವುದು 1806ರಲ್ಲಿ. ಮರುವರ್ಷ ಬ್ರಿಟನ್ ಸಂಸತ್ತು ಗುಲಾಮರ ವ್ಯಾಪಾರವನ್ನು ನಿಷೇಧಿಸಿತು. ವಸಾಹತುಗಳಲ್ಲಿ ಗುಲಾಮಗಿರಿ ಮಾತ್ರ ಉಳಿಯಿತು. ಗುಲಾಮ ತಾಯಿಗೆ ಹಡಗಿನಲ್ಲಿ ಹುಟ್ಟಿದ ಸ್ಟೀಫನ್ ಬ್ಲ್ಯಾಕ್, ಕಾದಂಬರಿಯಲ್ಲಿ ಲಂಡನ್ನಿನ ಮಂತ್ರಿಯೊಬ್ಬನ ಮನೆಯ ಬಟ್ಲರ್. ಕೊನೆಗೆ ಅವನೂ ರಾಜನಾಗುತ್ತಾನೆ. ಆದರೆ ಅದಕ್ಕಾಗಿ ಇಂಗ್ಲೆಂಡನ್ನು ಬಿಟ್ಟು ಕಿನ್ನರಲೋಕಕ್ಕೆ ಹೋಗಬೇಕಾಗುತ್ತದೆ. ಹೊರಗೆ ಬೆಳೆದವನನ್ನು ತನ್ನ ಮೂಲಪುರುಷನೆಂದು ಒಪ್ಪಿದ್ದ ನಾಡು, ತನ್ನೊಳಗೇ ಬೆಳೆದವನನ್ನು ಹೊರಗಿನವನೆಂದೇ ಕಂಡಿತು.