ದಂಡಿನ ಚರ್ಚಿನಲ್ಲಿ ಪಿಟೀಲು

ಶಿವಾಜಿನಗರದ ಗದ್ದಲ ದಾಟಿ ಕಬ್ಬನ್ ರಸ್ತೆಗೆ ಬಂದರೆ ಸೇಂಟ್ ಆಂಡ್ರ್ಯೂಸ್ ಚರ್ಚಿನ ಕೆಂಪು ಕಟ್ಟಡ ಕಾಣುತ್ತದೆ. ಇಂಥ ಹಳೆಯ ಚರ್ಚಿನಲ್ಲಿ ಎರಡು ಪಿಟೀಲು, ಒಂದು ವಿಯೋಲಾ, ಒಂದು ಚೆಲ್ಲೊ ಸೇರಿ ನುಡಿಸುವ ಕಛೇರಿಗೆ ಮೈಕು ಬೇಕಿಲ್ಲ. ಕಮಾನು ತಂತಿಯನ್ನು ಬಿಟ್ಟ ಮೇಲೂ ನಾದ ಎತ್ತರದ ಮಾಡಿನ ಕೆಳಗೆ ಕ್ಷಣಕಾಲ ನಿಲ್ಲುತ್ತದೆ. ಕೇಳುವವರಿಗೆ ಚರ್ಚೂ ಪಿಟೀಲೂ ಹುಟ್ಟಾ ನೆಂಟರು ಅನ್ನಿಸಿಬಿಡುತ್ತದೆ. ಚರಿತ್ರೆ ಹೇಳುವುದೇ ಬೇರೆ.

ಬ್ರಿಟಿಷರು 1809ರಲ್ಲಿ ಶ್ರೀರಂಗಪಟ್ಟಣದಿಂದ ಸೈನ್ಯವನ್ನು ಬೆಂಗಳೂರಿಗೆ ತಂದು ದಂಡು ಕಟ್ಟಿದರು. ಆ ದಂಡಿನ ಸ್ಕಾಟ್ ಜನರಿಗಾಗಿ 1864ರಲ್ಲಿ ಈ ಚರ್ಚಿನ ಕೆಲಸ ಆರಂಭವಾಗಿ 1866ರಲ್ಲಿ ಮುಗಿಯಿತು. ಇವರು ಪ್ರೆಸ್ಬಿಟೇರಿಯನ್ ಪಂಥದವರು. ಸ್ಕಾಟ್ಲೆಂಡಿನಲ್ಲಿ ಆ ಪಂಥದ ಪ್ರಾರ್ಥನೆಗೆ ಬಹುಕಾಲ ಯಾವ ವಾದ್ಯವೂ ಸಲ್ಲುತ್ತಿರಲಿಲ್ಲ. ಮುಂದೆ ನಿಂತವನು ಸಾಲು ಎತ್ತಿಕೊಟ್ಟರೆ ಸಭೆ ಹಿಂದೆ ಹಾಡುತ್ತಿತ್ತು, ಅಷ್ಟೆ. 1860ರ ದಶಕದಲ್ಲಿ ಎಡಿನ್‌ಬರೋದ ಗ್ರೇಫ್ರಯರ್ಸ್ ಚರ್ಚಿಗೆ ಪಾದ್ರಿ ರಾಬರ್ಟ್ ಲೀ ಹಾರ್ಮೋನಿಯಂ ತಂದಾಗ ದೊಡ್ಡ ವಿವಾದವೇ ಎದ್ದಿತು. ಇಲ್ಲಿ ಗೋಡೆ ಏಳುತ್ತಿದ್ದಾಗ ಅಲ್ಲಿ ವಾದ್ಯ ಬೇಕೇ ಬೇಡವೇ ಎಂಬ ಜಗಳ. ಕಬ್ಬನ್ ರಸ್ತೆಯ ಚರ್ಚಿಗೆ ಪೈಪ್ ಆರ್ಗನ್ ಬಂದದ್ದು 1881ರಲ್ಲಿ.

ಇತ್ತ ಪಿಟೀಲಿಗೆ ನಮ್ಮಲ್ಲಿ ಅಷ್ಟು ಹೊತ್ತಿಗೆ ಮಣೆ ಹಾಕಿ ಆಗಿತ್ತು. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು (1786–1858) ಮದರಾಸಿನಲ್ಲಿ ಐರೋಪ್ಯ ವಾದಕನಿಂದ ಅದನ್ನು ಕಲಿತು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರೆಂದು ಸಂಗೀತ ಪರಂಪರೆ ನೆನೆಯುತ್ತದೆ. ನಿಂತು ಗಲ್ಲಕ್ಕೆ ಒತ್ತಿಕೊಳ್ಳುವ ವಾದ್ಯ ಇಲ್ಲಿ ಚಕ್ಕಳಮಕ್ಕಳ ಹಾಕಿ ಕೂತವರ ಎದೆಯಿಂದ ಕಾಲಿಗೆ ಇಳಿಯಿತು, ತಂತಿಯ ಶ್ರುತಿ ಬದಲಾಯಿತು, ಗಮಕ ಬಂತು. ಫಿಡಲ್ ಎಂಬ ಹೆಸರೂ ಪಿಟೀಲಾಯಿತು. ಅದಕ್ಕೆ ಏಳು ತಂತಿ ಕಟ್ಟಿದ ತಿರುಮಕೂಡಲು ಚೌಡಯ್ಯನವರು ಜನರ ಬಾಯಲ್ಲಿ 'ಪಿಟೀಲು ಚೌಡಯ್ಯ'ನೇ ಆದರು.

ಅಂದರೆ ಸ್ಕಾಟರು ತಮ್ಮ ಪ್ರಾರ್ಥನೆಗೆ ವಾದ್ಯ ಸಲ್ಲುವುದೇ ಎಂದು ವಾದಿಸುತ್ತಿದ್ದಾಗ, ನಮ್ಮ ವಿದ್ವಾಂಸರು ಪರದೇಶದ ಪಿಟೀಲಿನಲ್ಲಿ ದೇವರ ಕೃತಿಗಳನ್ನು ನುಡಿಸುತ್ತಿದ್ದರು.

ಪೇಟೆ, ದಂಡು ಎಂಬ ಎರಡು ಊರುಗಳ ಆಡಳಿತ 1949ರಲ್ಲಿ ಒಂದಾಯಿತು. ಆದರೂ ಪಿಟೀಲು ನೆಲಕ್ಕೆ ಕೂತರೆ ನಮ್ಮದು, ಚರ್ಚಿನಲ್ಲಿ ನಿಂತರೆ ಅವರದು ಎನ್ನುವ ಗೆರೆ ಮನಸ್ಸಿನಲ್ಲಿ ಉಳಿದಿದೆ. ಆ ಗೆರೆಯಿಂದಾಗಿ ಮಲ್ಲೇಶ್ವರದಲ್ಲಿ ವರ್ಣ ಅಭ್ಯಾಸ ಮಾಡುವ ಹುಡುಗಿ ಕಬ್ಬನ್ ರಸ್ತೆಯ ಕಛೇರಿಗೆ ಬರದೆ ಉಳಿದರೆ ನಷ್ಟ ಅವಳದು. ಅಲ್ಲಿ ನುಡಿಯುವುದು ಅವಳ ತೊಡೆಯ ಮೇಲಿರುವ ವಾದ್ಯವೇ. ಒಮ್ಮೆ ಬಂದು, ಹಿಂದಿನ ಬೆಂಚಿನಲ್ಲಿ ಕೂತು ಕೇಳಲಿ.